ಹೂಂ ಅಂದ ಮೇಲೆ ಗಾಡಿ ಬರಬೇಕು

ಸಂಪಾದಕರಿಗೆ ನಮಸ್ಕಾರ.

ಆ್ಯಪ್‌ನಲ್ಲಿ ಟ್ಯಾಕ್ಸಿ ಬುಕ್ ಆಗುತ್ತದೆ, ಟ್ಯಾಕ್ಸಿ ಮಾತ್ರ ಬರುವುದಿಲ್ಲ. ಬೆಂಗಳೂರಿಗೆ ಹೋಗಿಬರುವ ಎಲ್ಲರಿಗೂ ಇದು ಗೊತ್ತು. ಈಗ ಹುಬ್ಬಳ್ಳಿ-ಧಾರವಾಡದಲ್ಲೂ ಅದೇ ಶುರುವಾಗಿದೆ. ಅಲ್ಲಿ ಕೈಮೀರಿ ಹೋದದ್ದನ್ನು ಇಲ್ಲಿ ಇನ್ನೂ ಸರಿ ಮಾಡಬಹುದು ಅಂತ ನನ್ನ ನಂಬಿಕೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಆದರೂ ಜಾಗ ಕೊಡಿ.

ನಾನು ಹುಬ್ಬಳ್ಳಿ-ಧಾರವಾಡದ ಮಧ್ಯೆ ಇರುವ ನವನಗರದವಳು, ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮನೆಯಲ್ಲಿ ಅತ್ತೆಗೆ ವಯಸ್ಸಾಗಿದೆ, ಆಸ್ಪತ್ರೆ ಓಡಾಟ ಇದ್ದೇ ಇದೆ. ನಮ್ಮಲ್ಲಿ ಕಾರ್ ಇಲ್ಲ. ಆಟೋ, ಟ್ಯಾಕ್ಸಿ ಸಿಗದೆ ಹೋದರೆ ನಮ್ಮ ಎಷ್ಟೋ ಕೆಲಸ ಅಲ್ಲಿಗೇ ನಿಂತುಬಿಡುತ್ತವೆ.

ಮೊದಲು ಬೆಂಗಳೂರಿನ ಮಾತು ಹೇಳುತ್ತೇನೆ. ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ರಾತ್ರಿ ರೈಲಿಗೆ, ಇಲ್ಲವೇ ರಾತ್ರಿ ಬಸ್ಸಿಗೆ. ಇನ್ನೂ ಕತ್ತಲೆ ಇರುವಾಗಲೇ ಯಶವಂತಪುರದಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿಯುತ್ತೇವೆ. ಕೈಯಲ್ಲಿ ಬ್ಯಾಗು, ಒಂದು ಚೀಲದಲ್ಲಿ ಮಗನಿಗೆ ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಹಿರಿಯರು ಬಂದಿದ್ದರೆ ಅವರನ್ನೂ ಕೈಹಿಡಿದು ನಡೆಸಬೇಕು. ಭಾನುವಾರ ಆದರೆ ಮೆಟ್ರೊ ಶುರುವಾಗುವುದೇ 7 ಗಂಟೆಗೆ. ಹೊಸಬರಿಗೆ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತಲೂ ಗೊತ್ತಿರುವುದಿಲ್ಲ. ಹೊರಗೆ ನಿಂತ ಆಟೋದವರು ಬಾಯಿಗೆ ಬಂದ ರೇಟ್ ಹೇಳುತ್ತಾರೆ. ಹಾಗಾಗಿ ಎಲ್ಲರೂ ಫೋನ್ ತೆಗೆಯುತ್ತಾರೆ.

ಫೋನಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಚಾಲಕರ ಹೆಸರು, ಗಾಡಿ ನಂಬರ್, ಇಷ್ಟು ನಿಮಿಷಕ್ಕೆ ಬರುತ್ತಾರೆ ಅನ್ನುವುದು, ಎಲ್ಲ. ಆಮೇಲೆ ಕರೆ ಬರುತ್ತದೆ. "ಮೇಡಂ, ಡ್ರಾಪ್ ಎಲ್ಲಿ?" ಹೇಳುತ್ತೇವೆ. "ಕ್ಯಾಶಾ, ಆನ್‌ಲೈನಾ?" ಅದನ್ನೂ ಹೇಳುತ್ತೇವೆ. ಅವರಿಗೆ ಬೇಕಾದ ಉತ್ತರ ಸಿಗಲಿಲ್ಲ ಅಂದರೆ ಫೋನ್ ಕಟ್. ಮ್ಯಾಪಿನಲ್ಲಿ ಗಾಡಿ ಇದ್ದಲ್ಲೇ ನಿಂತಿರುತ್ತದೆ, ಇಲ್ಲವೇ ನಮ್ಮಿಂದ ದೂರ ಹೋಗುತ್ತಾ ಇರುತ್ತದೆ. ನಾವು ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ಒಂದೇ ಮಾತು, "ಕ್ಯಾನ್ಸಲ್ ಮಾಡ್ಕೊಳ್ಳಿ ಮೇಡಂ."

ಇಲ್ಲೇ ಇರುವುದು ಕಷ್ಟದ ಗಂಟು. ಅವರು ರದ್ದು ಮಾಡಿದರೆ ಅವರಿಗೆ ದಂಡ ಬೀಳಬಹುದು, ಅವರ ರೇಟಿಂಗ್ ಇಳಿಯಬಹುದು. ಅದಕ್ಕೇ ನಮ್ಮ ಕೈಯಿಂದ ರದ್ದು ಮಾಡಿಸುತ್ತಾರೆ. ಬರದೆ ಇದ್ದವರು ಅವರು, ದಂಡ ಕಟ್ಟುವವರು ನಾವು. ಆ ದುಡ್ಡು ಮುಂದಿನ ಬಾಡಿಗೆಗೆ ಸೇರಿಕೊಂಡು ಬರುತ್ತದೆ. ಕಾರಣ ಹೇಳಿ ಅಂತ ಆ್ಯಪ್ ಒಂದು ಪಟ್ಟಿ ತೋರಿಸುತ್ತದೆ ನಿಜ, ಆದರೆ ಬೆಳಗಿನ ಜಾವ ಚಳಿಯಲ್ಲಿ ಸುಸ್ತಾದ ಮುದುಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಯಾರು ಅದನ್ನೆಲ್ಲ ಓದಿಕೊಂಡು ಕೂರುತ್ತಾರೆ? ಇನ್ನೊಂದು ಗಾಡಿ ಸಿಕ್ಕರೆ ಸಾಕು ಅಂತ ಒತ್ತಿಬಿಡುತ್ತೇವೆ. ಹೊಸದಾಗಿ ಹುಡುಕುವಷ್ಟರಲ್ಲಿ ರೇಟ್ ಏರಿರುತ್ತದೆ.

ಇದರ ಮೇಲೆ ಇನ್ನೊಂದು ಶುರುವಾಗಿದೆ. ಗಾಡಿ ಬೇಗ ಸಿಗಬೇಕಾದರೆ ಮೊದಲೇ ಟಿಪ್ ಸೇರಿಸಿ ಅಂತ ಪರದೆ ಮೇಲೆ ಕೇಳುತ್ತಾರೆ. 10, 20, 30 ಅಂತ ಬಟನ್ ಇರುತ್ತದೆ. ಟಿಪ್ ಅನ್ನುವುದು ಕೆಲಸ ಮುಗಿದ ಮೇಲೆ ನಾವು ಖುಷಿಯಿಂದ ಕೊಡುವುದು ಅಲ್ವಾ? ಗಾಡಿ ಹತ್ತುವ ಮೊದಲೇ ಕೇಳಿದರೆ ಅದು ಹರಾಜು ಆಗುತ್ತದೆ. ಯಾರ ಹತ್ತಿರ ಜಾಸ್ತಿ ದುಡ್ಡಿದೆಯೋ ಅವರು ಮೊದಲು ಹೋಗುತ್ತಾರೆ, ಉಳಿದವರು ನಿಂತಿರುತ್ತಾರೆ. 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಈ ಪದ್ಧತಿಯ ಬಗ್ಗೆ ಒಂದು ಕಂಪನಿಗೆ ನೋಟಿಸ್ ಕೂಡ ಕೊಟ್ಟಿತ್ತು. ಅದೇ ವರ್ಷ ಜೂನ್ 16ರಿಂದ ಹೈಕೋರ್ಟ್ ಆದೇಶದ ಮೇಲೆ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ನಿಂತಾಗ ಆಟೋ ಸಿಗುವುದು ಇನ್ನೂ ಕಷ್ಟವಾಯಿತು ಅಂತ ಮಗ ಹೇಳುತ್ತಿದ್ದ.

ಇಷ್ಟು ಹೇಳಿದ ಮೇಲೆ ಚಾಲಕರ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಮ್ಮೆ ಯಶವಂತಪುರದಿಂದ ನಮ್ಮನ್ನು ಕರೆದುಕೊಂಡು ಹೋದವರು ರೋಣ ತಾಲ್ಲೂಕಿನವರು. ಬಾಯಿ ತೆಗೆದ ಕೂಡಲೇ ನಮ್ಮ ಕಡೆಯವರು ಅಂತ ಗೊತ್ತಾಯಿತು. ಹೊಲದಲ್ಲಿ ಏನೂ ಉಳಿಯುವುದಿಲ್ಲ ಅಂತ ಸಾಲ ಮಾಡಿ ಗಾಡಿ ತಗೊಂಡು ಬೆಂಗಳೂರಿಗೆ ಬಂದವರು. ಯಾಕೆ ಹೀಗೆ ಎಲ್ಲರೂ ಒಪ್ಪಿಕೊಂಡು ಆಮೇಲೆ ಬರುವುದಿಲ್ಲ ಅಂತ ಕೇಳಿದೆ. "ಅಕ್ಕಾರ, ಹೆಂಡ್ರು ಮಕ್ಕಳನ್ನ ಊರಾಗ ಬಿಟ್ಟು ಬಂದೇವ್ರಿ. ಬಾಡಿಗಿ ಬ್ಯಾಡ ಅನ್ನಾಕ ನಮಗೇನ್ ಹುಚ್ಚ ಹಿಡದೈತೇನ್ರಿ?" ಅಂದರು. ಆಮೇಲೆ ದಾರಿಯುದ್ದಕ್ಕೂ ಲೆಕ್ಕ ಹೇಳಿದರು.

ಅವರ ಲೆಕ್ಕ ಹೀಗಿತ್ತು. ಗಿರಾಕಿ ಇರುವ ಜಾಗಕ್ಕೆ ಮೂರು ಕಿಲೋಮೀಟರ್ ಖಾಲಿ ಬರಬೇಕು, ಆ ಗಿರಾಕಿ ಹೋಗುವುದು ಎರಡೇ ಕಿಲೋಮೀಟರ್. ಖಾಲಿ ಬಂದದ್ದಕ್ಕೆ ಯಾರೂ ಕೊಡುವುದಿಲ್ಲ. ಹೆಬ್ಬಾಳದ ಕಡೆಗೋ ಸಿಲ್ಕ್ ಬೋರ್ಡ್ ಕಡೆಗೋ ಸಂಜೆ ಬಾಡಿಗೆ ಬಿದ್ದರೆ ಟ್ರಾಫಿಕ್‌ನಲ್ಲೇ ಅರ್ಧ ದಿನ ಹೋದ ಹಾಗೆ. ಸಿಎನ್‌ಜಿ ಬಂಕಿನಲ್ಲಿ ಸಾಲು ನಿಲ್ಲಬೇಕು. ಕಂಪನಿಗೆ ಕಮಿಷನ್ ಇಲ್ಲವೇ ದಿನದ ಶುಲ್ಕ, ಅದಾದ ಮೇಲೆ ಗಾಡಿ ಕಂತು, ವಿಮೆ, ಗಾಡಿ ಓಡಿಸಲು ಯೋಗ್ಯ ಅನ್ನುವ ಎಫ್‌ಸಿ ಪತ್ರ, ಪರ್ಮಿಟ್. "ಆನ್‌ಲೈನ್ ಅಂದ್ರ ರೊಕ್ಕ ಕೈಗೆ ಬರೂದು ಆಮ್ಯಾಲರಿ. ಗ್ಯಾಸ್ ಈಗ ಹಾಕಸಬೇಕಲ್ರಿ?" ಅಂದರು. ಬಾಡಿಗೆ ಬಂದಾಗ ಕೆಲವು ಆ್ಯಪ್‌ಗಳು ಎಲ್ಲಿಗೆ ಅಂತ ತೋರಿಸುತ್ತವಂತೆ, ಕೆಲವು ತೋರಿಸುವುದಿಲ್ಲವಂತೆ. ತೋರಿಸಿದರೂ ಯೋಚನೆ ಮಾಡಲು ಸಿಗುವುದು ಕೆಲವೇ ಸೆಕೆಂಡು, ಅದೂ ಗಾಡಿ ಓಡಿಸುತ್ತಾ ಇರುವಾಗ. ಹಾಗಾಗಿ ಮೊದಲು ಒತ್ತಿಬಿಡುತ್ತಾರೆ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಾರೆ.

ಅವರ ಮಾತು ನನಗೆ ಸರಿ ಅನ್ನಿಸಿತು. ಈಗಲೂ ಸರಿ ಅನ್ನಿಸುತ್ತದೆ. ಆದರೆ ಗಾಡಿ ಬರುತ್ತದೆ ಅಂತ ನಂಬಿ ರಸ್ತೆ ಬದಿ ನಿಂತವರ ಕಷ್ಟವೂ ಅಷ್ಟೇ ನಿಜ. ಇಬ್ಬರೂ ಬೈದಾಡಿಕೊಳ್ಳುವುದರಿಂದ ಏನೂ ಆಗುವುದಿಲ್ಲ. ಯಾಕೆಂದರೆ ಎಲ್ಲ ವಿಷಯ ಗೊತ್ತಿರುವುದು ಮಧ್ಯದಲ್ಲಿ ಇರುವ ಕಂಪನಿಗೆ. ಪ್ರಯಾಣಿಕರು ಎಲ್ಲಿಗೆ ಹೋಗಬೇಕು, ಎಷ್ಟು ಕೊಡುತ್ತಾರೆ, ಹೇಗೆ ಕೊಡುತ್ತಾರೆ, ಚಾಲಕರು ಎಷ್ಟು ದೂರದಿಂದ ಬರಬೇಕು, ಅವರಿಗೆ ಕೊನೆಗೆ ಎಷ್ಟು ಉಳಿಯುತ್ತದೆ, ಎಲ್ಲವೂ ಅವರ ಕಂಪ್ಯೂಟರಿನಲ್ಲಿ ಇದೆ. ಅದನ್ನು ಎರಡೂ ಕಡೆಯವರಿಗೆ ಪೂರ್ತಿ ಹೇಳದೆ ವ್ಯವಹಾರ ಕುದುರಿಸುತ್ತಾರೆ. ನಮ್ಮ ಅಮರಗೋಳ ಎಪಿಎಂಸಿಯಲ್ಲಿ ರೈತನಿಗೂ ವ್ಯಾಪಾರಿಗೂ ದರ ತಿಳಿಸದೆ ದಲಾಲರು ಮೆಣಸಿನಕಾಯಿ ಮಾರಿದರೆ ಯಾರಾದರೂ ಸುಮ್ನೆ ಇರುತ್ತಾರಾ? ಟ್ಯಾಕ್ಸಿ ವಿಷಯದಲ್ಲಿ ಮಾತ್ರ ನಾವೆಲ್ಲ ಸುಮ್ಮನಿದ್ದೇವೆ.

ನಾನು ಹೇಳಬೇಕಾಗಿರುವುದು ಇಷ್ಟು. ಹೂಂ ಅನ್ನುವ ಮೊದಲು ಇಬ್ಬರಿಗೂ ಎಲ್ಲ ಗೊತ್ತಿರಬೇಕು. ಹೋಗುವ ಜಾಗ, ದೂರ, ದುಡ್ಡು, ದುಡ್ಡು ಕೊಡುವ ರೀತಿ. ಬೇಡ ಅನ್ನಿಸಿದರೆ ಚಾಲಕರು ಅಲ್ಲೇ ಬೇಡ ಅನ್ನಲಿ, ಅದಕ್ಕೆ ದಂಡ ಹಾಕಬೇಡಿ. ಒಮ್ಮೆ ಹೂಂ ಅಂದ ಮೇಲೆ ಗಾಡಿ ಬರಲೇಬೇಕು.

ಇದು ನನ್ನ ಹೊಸ ಕಲ್ಪನೆ ಏನೂ ಅಲ್ಲ. ಆ್ಯಪ್ ಟ್ಯಾಕ್ಸಿಗಳಿಗೆ ಅಂತಲೇ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಯಮ ಬಂದಿದೆ. ಕೇಂದ್ರ ಸರ್ಕಾರ 2020ರಲ್ಲಿ ಮಾರ್ಗಸೂಚಿ ಮಾಡಿತು, 2025ರ ಜುಲೈನಲ್ಲಿ ಅದನ್ನು ಬದಲಿಸಿ ಹೊಸದು ಕೊಟ್ಟಿತು. ಬಾಡಿಗೆ ಒಪ್ಪಿಕೊಂಡ ಮೇಲೆ ಸರಿಯಾದ ಕಾರಣ ಇಲ್ಲದೆ ಚಾಲಕರು ರದ್ದು ಮಾಡಿದರೆ ಬಾಡಿಗೆಯ ಶೇ 10, ಹೆಚ್ಚೆಂದರೆ 100 ರೂಪಾಯಿ ದಂಡ ಅಂತ ಅದರಲ್ಲಿದೆ. ಪ್ರಯಾಣಿಕರು ಕಾರಣ ಇಲ್ಲದೆ ರದ್ದು ಮಾಡಿದರೂ ಅಷ್ಟೇ. ಚಾಲಕರು ಖಾಲಿ ಬರುವ ದೂರಕ್ಕೆ ಏನಾದರೂ ಸಿಗಲಿ ಅಂತ ಕನಿಷ್ಠ 3 ಕಿಲೋಮೀಟರಿನ ಬಾಡಿಗೆ ಕೊಡಬೇಕು ಅಂತಲೂ ಇದೆ. ಓದಿದರೆ ಒಳ್ಳೆಯದೇ. ಆದರೆ ಚಾಲಕರು ಬರದೆ ಕೂತು ಪ್ರಯಾಣಿಕರಿಂದ ರದ್ದು ಮಾಡಿಸಿದರೆ ದಂಡ ಯಾರಿಗೆ ಅನ್ನುವುದನ್ನು ಗಟ್ಟಿಯಾಗಿ ನೋಡುವವರು ಬೇಕು. ಗಾಡಿ ಕದಲಲಿಲ್ಲ ಅನ್ನುವುದು ಕಂಪನಿಯ ಮ್ಯಾಪಿನಲ್ಲೇ ಕಾಣುತ್ತದೆ. ಬುಕ್ ಆಗಿ ಐದಾರು ನಿಮಿಷ ಆದರೂ ಗಾಡಿ ನಮ್ಮ ಕಡೆ ಬರದಿದ್ದರೆ ಪ್ರಯಾಣಿಕರ ಕೈಯಿಂದ ಒಂದು ಪೈಸೆಯೂ ತಗೊಳ್ಳದೆ ತಾನಾಗಿಯೇ ಬೇರೆ ಗಾಡಿ ಹುಡುಕಿ ಕೊಡಬೇಕು. ಇದನ್ನು ಮಾಡಲು ದೊಡ್ಡ ತಂತ್ರಜ್ಞಾನ ಬೇಕಾಗಿಲ್ಲ, ಮಾಡಿಸುವ ಮನಸ್ಸು ಬೇಕು.

ದರದ ವಿಷಯ ಇನ್ನೂ ಮುಖ್ಯ. 2024ರ ಫೆಬ್ರುವರಿಯಲ್ಲಿ ರಾಜ್ಯ ಸಾರಿಗೆ ಇಲಾಖೆ ಸಿಟಿ ಟ್ಯಾಕ್ಸಿಗೂ ಆ್ಯಪ್ ಟ್ಯಾಕ್ಸಿಗೂ ಸೇರಿಸಿ ಇಡೀ ರಾಜ್ಯಕ್ಕೆ ಒಂದೇ ದರ ಮಾಡಿತು. ಗಾಡಿಯ ಬೆಲೆ 10 ಲಕ್ಷದ ಒಳಗಿದ್ದರೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. 10ರಿಂದ 15 ಲಕ್ಷದ ಗಾಡಿಗೆ 115 ಮತ್ತು 28. ಅದಕ್ಕೂ ಮೇಲಿನ ಬೆಲೆಯ ಗಾಡಿಗೆ 130 ಮತ್ತು 32. ಕಾಯುವುದಕ್ಕೆ ಮೊದಲ 5 ನಿಮಿಷ ದುಡ್ಡಿಲ್ಲ, ಆಮೇಲೆ ನಿಮಿಷಕ್ಕೆ 1 ರೂಪಾಯಿ. 120 ಕಿಲೋ ತನಕ ಲಗೇಜಿಗೆ ಏನೂ ಕೊಡಬೇಕಾಗಿಲ್ಲ. ರಾತ್ರಿ 12ರಿಂದ ಬೆಳಗ್ಗೆ 6ರ ತನಕ ಶೇ 10 ಜಾಸ್ತಿ. ಟೋಲ್, ಜಿಎಸ್‌ಟಿ ಬೇರೆ.

ಈ ಲೆಕ್ಕವನ್ನು ನಮ್ಮ ಊರಿಗೆ ಹಾಕಿ ನೋಡಿ. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್. ಸಣ್ಣ ಕಾರಿಗೆ 484 ರೂಪಾಯಿ ಆಗುತ್ತದೆ. ನಡುರಾತ್ರಿ ಆದರೂ 532ರ ಹತ್ತಿರ. ಸ್ಟೇಷನ್‌ನಿಂದ ನವನಗರ 10 ಕಿಲೋಮೀಟರ್ ಅಂತ ಹಿಡಿದರೆ 244 ರೂಪಾಯಿ. ರಾತ್ರಿ ಹತ್ತೂವರೆಗೆ "ನೈಟ್ ಆಗೇತ್ರಿ, ಡಬಲ್ ಆಗತೈತಿ" ಅನ್ನುವವರಿಗೆ ಆದೇಶದಲ್ಲಿ ಯಾವ ಆಧಾರವೂ ಇಲ್ಲ, ಆ ಹೊತ್ತಿಗೆ ರಾತ್ರಿ ದರ ಶುರುವೇ ಆಗಿರುವುದಿಲ್ಲ. ಇದು ಎಷ್ಟು ಜನರಿಗೆ ಗೊತ್ತು? ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಕೇಳಿದೆ, ಓದಿಕೊಂಡವರೇ ಎಲ್ಲರೂ, ಒಬ್ಬರಿಗೂ ಗೊತ್ತಿರಲಿಲ್ಲ. ಆದೇಶ ಫೈಲಿನಲ್ಲಿ ಇದ್ದರೆ ಜನರಿಗೆ ಏನು ಉಪಯೋಗ?

ಇನ್ನೊಂದು ಗೊಂದಲವೂ ಇದೆ. ಬೇಡಿಕೆ ಹೆಚ್ಚಿರುವಾಗ ಮೂಲ ದರದ ಎರಡು ಪಟ್ಟಿನ ತನಕ ತಗೊಳ್ಳಬಹುದು ಅಂತ ಕೇಂದ್ರದ 2025ರ ಮಾರ್ಗಸೂಚಿ ಹೇಳುತ್ತದೆ. ರಾಜ್ಯದ್ದು ನೋಡಿದರೆ ಒಂದೇ ದರ. ಹಾಗಾದರೆ ಮಳೆ ಬಂದ ದಿನ ಆ್ಯಪ್ ತೋರಿಸುವ ದುಡ್ಡು ಸರಿಯೋ ತಪ್ಪೋ? ಸಾಮಾನ್ಯ ಜನ ಇದನ್ನು ಯಾರ ಹತ್ತಿರ ಕೇಳಬೇಕು? ಸಾರಿಗೆ ಇಲಾಖೆ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹೇಳಿದರೆ ಸಾಕು.

ಈಗ ನಮ್ಮ ಊರಿಗೇ ಬರುತ್ತೇನೆ. ಹುಬ್ಬಳ್ಳಿ-ಧಾರವಾಡಕ್ಕೆ ಚಿಗರಿ ಬಸ್ ಬಂದ ಮೇಲೆ ದೊಡ್ಡ ಅನುಕೂಲ ಆಗಿದೆ, ಅದನ್ನು ಮನಸಾರೆ ಒಪ್ಪುತ್ತೇನೆ. 2018ರಲ್ಲಿ ಓಡಾಟ ಶುರುವಾದಾಗಿನಿಂದ ನಾನು ಅದರಲ್ಲೇ ಹೋಗಿಬರುತ್ತೇನೆ. ಆದರೆ ಚಿಗರಿ ಹೋಗುವುದು ಹಳೆ ಪಿ.ಬಿ. ರಸ್ತೆಯ ಮೇಲೆ. ನಿಲ್ದಾಣದಲ್ಲಿ ಇಳಿದ ಮೇಲೆ ಬಡಾವಣೆಯ ಒಳಗೆ ಹೋಗಬೇಕಲ್ಲ, ಅಲ್ಲಿ ಆಟೋ ಬೇಕೇ ಬೇಕು. ರಾತ್ರಿ ಚಿಗರಿ ನಿಂತ ಮೇಲಂತೂ ಕೇಳುವುದೇ ಬೇಡ. ರೈಲು ಇಳಿದು ಹೊರಗೆ ಬಂದು ನವನಗರ ಅಂದರೆ ಸಾಕು, "ಅಕ್ಕಾರ, ಅದು ಅತ್ತ ಹುಬ್ಬಳ್ಳಿನೂ ಅಲ್ಲ, ಇತ್ತ ಧಾರವಾಡನೂ ಅಲ್ಲ, ವಾಪಸ್ ಬರೂಮುಂದ ಬಾಡಿಗಿ ಸಿಗೂದಿಲ್ರಿ" ಅಂತ ಮುಖ ತಿರುಗಿಸುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ನಾವು ಮನೆಗೆ ಹೋಗುವುದು ಹೇಗೆ?

ಆ್ಯಪ್‌ನಲ್ಲಿ ಬುಕ್ ಮಾಡಿದರೆ ನಮ್ಮ ರಸ್ತೆಗೆ ಇನ್ನೊಂದು ತೊಂದರೆ. ಚಿಗರಿ ಬಸ್ಸಿಗೆ ಅಂತಲೇ ಮಾಡಿದ ಬಿಆರ್‌ಟಿಎಸ್ ದಾರಿ ರಸ್ತೆಯ ಮಧ್ಯೆ ಹೋಗುತ್ತದೆ, ಎರಡೂ ಬದಿಗೆ ಅಡ್ಡ ಇದೆ. ಮ್ಯಾಪಿನಲ್ಲಿ ಗುರುತು ಆಚೆ ಬದಿಗೆ ಬಿತ್ತು ಅಂದರೆ ಗಾಡಿ ಆಚೆ ಬಂದು ನಿಲ್ಲುತ್ತದೆ. ಅವರು ಈಚೆ ಬರಬೇಕಾದರೆ ಬಹಳ ದೂರ ಹೋಗಿ ತಿರುಗಿಸಿಕೊಂಡು ಬರಬೇಕು, ನಾವು ಆಚೆ ಹೋಗಬೇಕಾದರೆ ಅಷ್ಟು ಅಗಲದ ರಸ್ತೆ ದಾಟಬೇಕು. ಮಂಡಿ ನೋವಿರುವ ಅತ್ತೆಯನ್ನು ಕರೆದುಕೊಂಡು ಆ ರಸ್ತೆ ದಾಟುವುದು ಎಷ್ಟು ಕಷ್ಟ ಅಂತ ದಾಟಿದವರಿಗೇ ಗೊತ್ತು. ಅಷ್ಟರಲ್ಲಿ ಚಾಲಕರು ಬೇಸತ್ತು ಹೊರಟುಹೋಗಿರುತ್ತಾರೆ. ಪ್ರಯಾಣಿಕರು ಬರಲಿಲ್ಲ ಅಂತ ನಮ್ಮ ಲೆಕ್ಕಕ್ಕೆ ದಂಡ ಬರೆದಿರುತ್ತಾರೆ. ಚಿಗರಿಯ ಪ್ರತಿ ನಿಲ್ದಾಣದ ಹತ್ತಿರ, ಎರಡೂ ಬದಿಗೆ, ಆಟೋ ಟ್ಯಾಕ್ಸಿ ಹತ್ತಿಸಿಕೊಳ್ಳುವ ಜಾಗ ಅಂತ ಒಂದು ಬೋರ್ಡ್ ಹಾಕಿ, ಅದನ್ನೇ ಮ್ಯಾಪಿನಲ್ಲಿ ತೋರಿಸುವ ಹಾಗೆ ಮಾಡಿದರೆ ಈ ತೊಂದರೆ ಬಹಳ ಮಟ್ಟಿಗೆ ಹೋಗುತ್ತದೆ.

ನಮ್ಮ ಕಥೆಯಾದರೂ ಪರವಾಗಿಲ್ಲ, ಊರು ಗೊತ್ತು, ಫೋನಿದೆ, ನಾಲ್ಕು ಜನ ಪರಿಚಯ ಇದ್ದಾರೆ. ಹೊರಗಿನಿಂದ ಬರುವವರ ಬಗ್ಗೆ ಯೋಚಿಸಿ. ಕಿಮ್ಸ್ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಎಲ್ಲ ಕಡೆಯಿಂದ ಜನ ಬರುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ, ಸತ್ತೂರಿನ ಆಸ್ಪತ್ರೆಗೆ ಬರುತ್ತಾರೆ. ಹೈಕೋರ್ಟ್ ಪೀಠಕ್ಕೆ ಕಕ್ಷಿದಾರರು ಬರುತ್ತಾರೆ, ಅದು ಇರುವುದು ಊರ ಹೊರಗೆ. ಯೂನಿವರ್ಸಿಟಿಗೆ ಪರೀಕ್ಷೆ ಬರೆಯಲು ಹುಡುಗ ಹುಡುಗಿಯರು ಬರುತ್ತಾರೆ. ಸವಣೂರಿನಿಂದಲೋ ಮುಂಡರಗಿಯಿಂದಲೋ ಬಂದ ಹಳ್ಳಿಯವರ ಕೈಯಲ್ಲಿ ಬಟನ್ ಫೋನ್ ಇರುತ್ತದೆ, ಇಲ್ಲವೇ ಮಗನ ಸ್ಮಾರ್ಟ್‌ಫೋನ್ ಇದ್ದರೂ ಒಟಿಪಿ ಅಂದರೆ ಹೆದರಿಕೆ. ಆಪರೇಷನ್ ಆದವರನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಹೊರಗೆ ಬಂದಾಗ ಅವರಿಗೆ ಚೌಕಾಸಿ ಮಾಡುವ ಶಕ್ತಿ ಇರುತ್ತದಾ? ಕೇಳಿದಷ್ಟು ಕೊಡುತ್ತಾರೆ. ಔಷಧಿಗೆ ಇಟ್ಟುಕೊಂಡ ದುಡ್ಡು ಅದು. ಇದನ್ನು ಕಣ್ಣಾರೆ ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ದೊಡ್ಡದು. 2023ರ ಮಾರ್ಚ್ 12ರಂದು ಅದರ ಉದ್ಘಾಟನೆ ಆದಾಗ ನಮಗೆಲ್ಲ ಹೆಮ್ಮೆ ಆಯಿತು, ಮಕ್ಕಳಿಗೆ ಪಾಠದಲ್ಲೂ ಹೇಳುತ್ತೇನೆ. ಹಾಗೆಯೇ ಅಷ್ಟು ದೂರ ಲಗೇಜು ಎಳೆದುಕೊಂಡು ಹೊರಗೆ ಬಂದವರಿಗೆ ನ್ಯಾಯವಾದ ದರಕ್ಕೆ, ತಕರಾರು ಇಲ್ಲದೆ ಒಂದು ಗಾಡಿ ಸಿಗುವ ಹಾಗೂ ಆಗಬೇಕು.

ಆಟೋದ ವಿಷಯ ಬೇರೆಯಾಗಿ ಹೇಳಬೇಕು. ಆಟೋ ದರ ನಿಗದಿ ಮಾಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಾರಿಗೆ ಪ್ರಾಧಿಕಾರ. ಮೀಟರ್ ಇರುತ್ತದೆ, ಹಾಕುವವರು ಸಿಗುವುದು ಅಪರೂಪ. ಬರುವುದಿಲ್ಲ ಅಂದರೆ ಏನು ಶಿಕ್ಷೆ ಅಂತ ನೋಡಿದರೆ, 1988ರ ಮೋಟಾರು ವಾಹನ ಕಾಯ್ದೆಯ 178ನೇ ಕಲಂ ಪ್ರಕಾರ ಆಟೋಗೆ ಹೆಚ್ಚೆಂದರೆ 50 ರೂಪಾಯಿ ದಂಡ. ಟ್ಯಾಕ್ಸಿಗೆ 200 ಇದ್ದದ್ದನ್ನು 2019ರ ತಿದ್ದುಪಡಿಯಲ್ಲಿ 500 ಮಾಡಿದರು, ಆಟೋದ 50 ಹಾಗೇ ಉಳಿಯಿತು. ದಂಡ ಜಾಸ್ತಿ ಮಾಡಿ ಬಡ ಆಟೋ ಚಾಲಕರನ್ನು ಹಿಂಡಿ ಅಂತ ನಾನು ಹೇಳುತ್ತಿಲ್ಲ. ಬಹಳ ಜನ ಒಳ್ಳೆಯವರೇ ಇದ್ದಾರೆ, ಅತ್ತೆಯನ್ನು ಮೆಟ್ಟಿಲ ತನಕ ಕೈಹಿಡಿದು ಬಿಟ್ಟುಹೋದವರೂ ಇದ್ದಾರೆ. ಗ್ಯಾಸ್ ಬೆಲೆ, ಬಿಡಿಭಾಗದ ಬೆಲೆ ಏರಿದ ಹಾಗೆ ದರವನ್ನೂ ಕಾಲಕಾಲಕ್ಕೆ ಪರಿಷ್ಕರಿಸಬೇಕು. ವರ್ಷಗಟ್ಟಲೆ ಹಳೇ ದರವನ್ನೇ ಇಟ್ಟು ಮೀಟರ್ ಹಾಕಿ ಅಂದರೆ ಅವರೂ ಹಾಕುವುದಿಲ್ಲ. ನ್ಯಾಯವಾದ ದರ ಕೊಟ್ಟು ಆಮೇಲೆ ಮೀಟರ್ ಕೇಳೋಣ, ಆಗ ಕೇಳುವುದಕ್ಕೆ ನಮಗೂ ಬಾಯಿ ಇರುತ್ತದೆ.

ಅವಳಿ ನಗರದ ಮಧ್ಯೆ ರಾತ್ರಿ ಖಾಲಿ ವಾಪಸ್ ಬರುವ ತೊಂದರೆಗೆ ಒಂದು ದಾರಿ ಇದೆ ಅಂತ ನನಗೆ ಅನ್ನಿಸುತ್ತದೆ. ರಾತ್ರಿ ಹೊತ್ತು ಹುಬ್ಬಳ್ಳಿಯಿಂದ ನವನಗರ, ರಾಯಾಪುರ, ಸತ್ತೂರು, ಧಾರವಾಡಕ್ಕೆ ಹೋಗುವ ಗಾಡಿಗಳಿಗೆ ವಾಪಸ್ ಬರುವ ಖರ್ಚಿನಲ್ಲಿ ಒಂದು ಪಾಲು ಅಂತ ಪ್ರಾಧಿಕಾರವೇ ಗೊತ್ತುಮಾಡಿ ದರದಲ್ಲಿ ಸೇರಿಸಲಿ. ಬರೆದು ಹಾಕಿದ್ದನ್ನು ಕೊಡಲು ನಾವು ತಯಾರಿದ್ದೇವೆ. ಒಬ್ಬರು 400, ಇನ್ನೊಬ್ಬರು 700 ಅಂತ ಮುಖ ನೋಡಿ ಹೇಳುವುದು ನಿಂತರೆ ಸಾಕು. ರೈಲು ನಿಲ್ದಾಣ, ಗೋಕುಲ ರಸ್ತೆಯ ಬಸ್ ನಿಲ್ದಾಣ, ವಿಮಾನ ನಿಲ್ದಾಣ, ಕಿಮ್ಸ್ ಗೇಟು, ಧಾರವಾಡದ ಬಸ್ ನಿಲ್ದಾಣ, ಇಷ್ಟು ಕಡೆ ರಾತ್ರಿ ಪೂರ್ತಿ ಪ್ರೀಪೇಯ್ಡ್ ಕೌಂಟರ್ ನಡೆಯಬೇಕು. ಸ್ಮಾರ್ಟ್‌ಫೋನ್ ಇಲ್ಲದವರೂ ದುಡ್ಡು ಕೊಟ್ಟು ಚೀಟಿ ತಗೊಂಡು ಹತ್ತುವ ಹಾಗಿರಬೇಕು. ಚೀಟಿಯಲ್ಲಿ ಗಾಡಿ ನಂಬರ್, ಹೋಗುವ ಜಾಗ, ದುಡ್ಡು ಮೂರೂ ಇರಬೇಕು. ಪೊಲೀಸರು ಒಬ್ಬರು ಪಕ್ಕದಲ್ಲಿದ್ದರೆ ಒಬ್ಬರೇ ಬರುವ ಹೆಣ್ಣುಮಕ್ಕಳಿಗೆ ಧೈರ್ಯ. ಚಾಲಕರಿಗೂ ಸಾಲಿನ ಪ್ರಕಾರ ಬಾಡಿಗೆ ಸಿಗುತ್ತದೆ, ಗಿರಾಕಿಗಾಗಿ ಜಗಳ ಆಡುವುದು ತಪ್ಪುತ್ತದೆ.

ದೂರು ಕೊಡುವ ವಿಷಯವನ್ನೂ ಹೇಳಿಬಿಡುತ್ತೇನೆ. ಆ್ಯಪ್‌ನಲ್ಲಿ ದೂರು ಕೊಟ್ಟರೆ ಯಂತ್ರ ಉತ್ತರ ಕೊಡುತ್ತದೆ, "ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ" ಅಂತ. ಮಾತಾಡಲು ಮನುಷ್ಯರು ಸಿಗುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅದನ್ನು ಓದುಗರು ಬರೆದಿಟ್ಟುಕೊಳ್ಳಿ. ಆದರೆ ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ನಿಂತವರಿಗೆ ಬೇಕಾಗಿರುವುದು ಇದೇ ಊರಿನಲ್ಲಿ ಫೋನ್ ಎತ್ತುವ ಒಬ್ಬರು. ಅವಳಿ ನಗರದ ಪೊಲೀಸ್ ಕಮಿಷನರೇಟ್ ಮತ್ತು ಆರ್‌ಟಿಒ ಸೇರಿ ಒಂದು ನಂಬರ್ ಕೊಟ್ಟು, ಧಾರವಾಡದ ಕೆಎ-25, ಹುಬ್ಬಳ್ಳಿಯ ಕೆಎ-63 ಎರಡೂ ಕಡೆಯ ಗಾಡಿಗಳ ದೂರನ್ನು ಅಲ್ಲೇ ತಗೊಳ್ಳುವ ಹಾಗೆ ಮಾಡಲಿ. ಗಾಡಿ ಧಾರವಾಡದ್ದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಹೇಳಿ ಕಳಿಸುವ ಹಾಗೆ ಆಗಬಾರದು.

ಜಿಲ್ಲಾಧಿಕಾರಿಗಳು ಸಾರಿಗೆ ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತಗೊಳ್ಳಬೇಕು, ಚಾಲಕರ ಸಂಘದವರನ್ನೂ ಪ್ರಯಾಣಿಕರನ್ನೂ ಒಟ್ಟಿಗೆ ಕೂರಿಸಿ ಮಾತಾಡಬೇಕು ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕರೆದರೆ ನಾನು ಬರುತ್ತೇನೆ, ನಮ್ಮ ಬಡಾವಣೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ. ನಿಮ್ಮಲ್ಲಿಯೂ ಒಂದು ಕೋರಿಕೆ ಇದೆ. ಮೇಲೆ ಬರೆದ ಟ್ಯಾಕ್ಸಿ ದರವನ್ನೂ ನಮ್ಮ ಜಿಲ್ಲೆಯ ಆಟೋ ದರವನ್ನೂ ಸೇರಿಸಿ, ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಚೌಕದಲ್ಲಿ, ಆದರೆ ವಯಸ್ಸಾದವರಿಗೂ ಕಾಣುವ ಅಕ್ಷರದಲ್ಲಿ, ಹುಬ್ಬಳ್ಳಿ-ಧಾರವಾಡ ಪುಟದಲ್ಲಿ ಒಂದು ದಿನ ಹಾಕಿ. ಗದಗ, ಹಾವೇರಿ ಪುಟಗಳಲ್ಲೂ ಹಾಕಿ, ಅಲ್ಲಿಂದ ಬರುವವರಿಗೇ ಅದು ಹೆಚ್ಚು ಬೇಕು.

ವಂದನೆಗಳೊಂದಿಗೆ,
ನಿಮ್ಮ ಓದುಗರಲ್ಲಿ ಒಬ್ಬಳು
ನವನಗರ, ಹುಬ್ಬಳ್ಳಿ